ಚೈನ್ ಸಾ ಮನೆಯಲ್ಲೇ ರಿಪೇರಿ ಮಾಡುವುದು, ಕಳ್ಳರ ಕೈಗೆ ಸಿಗದಂತೆ ಇಡುವುದು

ಮಳೆಗಾಲದ ಗಾಳಿಗೆ ಮನೆ ದಾರಿಗೆ ಅಡ್ಡಲಾಗಿ ಸಿಲ್ವರ್ ಓಕ್ ಬಿದ್ದಿರುತ್ತದೆ. ಕರೆಂಟ್ ಇಲ್ಲ, ಜೀಪು ಆಚೆ ಹೋಗುವ ಹಾಗಿಲ್ಲ. ಮೂಲೆಯಲ್ಲಿದ್ದ ಚೈನ್ ಸಾ ತಂದು ಹಗ್ಗ ಎಳೆದರೆ ಉಸಿರೇ ಇಲ್ಲ. ಮಲೆನಾಡು, ಕೊಡಗಿನ ತೋಟದವರಿಗೆಲ್ಲ ಇದು ಗೊತ್ತಿರುವ ಕಥೆ. ಬೇಸಿಗೆಯಲ್ಲಿ ಮರಗಸಿ (ನೆರಳು ಮರಗಳ ಕೊಂಬೆ ಸವರುವ ಕೆಲಸ) ಮುಗಿಸಿ, ಟ್ಯಾಂಕಿನಲ್ಲಿ ಪೆಟ್ರೋಲ್ ಇರುವಂತೆಯೇ ಮೂಲೆಗೆ ತಳ್ಳಿದ ಮಿಷನ್ ಅದು.

ನಾನು ನೋಡಿದ ಮಟ್ಟಿಗೆ ಚೈನ್ ಸಾ ದುಡಿದು ಕೆಡುವುದು ಕಡಿಮೆ, ಇಟ್ಟಲ್ಲೇ ಕೆಡುವುದು ಜಾಸ್ತಿ. ಕಳ್ಳತನವೂ ಹಾಗೆಯೇ. ಕೆಲಸ ನಡೆಯುವಾಗ ಯಾರೂ ಕೈಯಿಂದ ಕಿತ್ತುಕೊಂಡು ಹೋಗುವುದಿಲ್ಲ. ಕೆಲಸ ಮುಗಿದ ಮೇಲೆ ಜಗಲಿಯಲ್ಲೋ ಪಿಕಪ್ಪಿನ ಹಿಂದೆಯೋ ಬಿಟ್ಟಿದ್ದು ಮಾಯವಾಗುತ್ತದೆ. ಅದಕ್ಕೇ ರಿಪೇರಿಯನ್ನೂ ಕಾವಲನ್ನೂ ಒಟ್ಟಿಗೆ ಹೇಳುತ್ತಿದ್ದೇನೆ.

ಇಲ್ಲಿರುವುದು ಟೂ ಸ್ಟ್ರೋಕ್, ಅಂದರೆ ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಚೈನ್ ಸಾ ಬಗ್ಗೆ. ಬ್ರಷ್ ಕಟರ್, ಬ್ಲೋಯರ್, ಬೆನ್ನಿಗೆ ಹಾಕುವ ಸ್ಪ್ರೇಯರ್ ಕೂಡ ಟೂ ಸ್ಟ್ರೋಕ್ ಆಗಿದ್ದರೆ ಇಂಜಿನ್ ಭಾಗಕ್ಕೆ ಇದೇ ಕ್ರಮ. ಹೋಂಡಾ ಜಿಎಕ್ಸ್35 ಥರದ ಫೋರ್ ಸ್ಟ್ರೋಕ್ ಇಂಜಿನ್ ಇದ್ದರೆ ಪೆಟ್ರೋಲಿಗೆ ಆಯಿಲ್ ಬೆರೆಸಬಾರದು, ಅದು ನೆನಪಿರಲಿ.

ಮೊದಲು ಪ್ಲಗ್ ಕ್ಯಾಪ್ ಕೀಳಿ

ಮಿಷನ್‌ಗೆ ಕೈ ಹಾಕುವ ಮೊದಲು ಸ್ವಿಚ್ ಆಫ್ ಮಾಡಿ, ಸ್ಪಾರ್ಕ್ ಪ್ಲಗ್‌ನ ಕ್ಯಾಪ್ ಕಿತ್ತು ಪಕ್ಕಕ್ಕೆ ಸರಿಸಿ. ಚೈನ್ ಮುಟ್ಟುವಾಗ ಚರ್ಮದ ಗ್ಲೌಸ್ ಇರಲಿ. ಪೆಟ್ರೋಲ್ ಕೆಲಸ ಹೊರಗಡೆ, ಬೀಡಿ ಒಲೆ ಹತ್ತಿರ ಇಲ್ಲದ ಕಡೆ.

ಸಾಮಾನು ಹೆಚ್ಚೇನೂ ಬೇಡ. ಮಿಷನ್ ಜೊತೆ ಬಂದಿರುವ ಕಾಂಬಿ ಸ್ಪ್ಯಾನರ್, ಚಪ್ಪಟೆ ಸ್ಕ್ರೂ ಡ್ರೈವರ್, ಟಾರ್ಕ್ಸ್ ಅಥವಾ ಅಲೆನ್ ಕೀ, ಹಳೆ ಟೂತ್ ಬ್ರಷ್, ಸಣ್ಣ ಸಂದು ಅಳೆಯುವ ಒಂದು ಫೀಲರ್ ಗೇಜ್, ಉರುಟು ಅರ, ಚಪ್ಪಟೆ ಅರ. ಆಯಿಲ್ ಅಳೆಯಲು ಮೆಡಿಕಲ್ ಶಾಪಿನ ಸಿರಿಂಜ್. ಬಿಚ್ಚುವ ಪ್ರತಿ ಹಂತದಲ್ಲೂ ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆಯಿರಿ. ಜೋಡಿಸುವಾಗ ಅದೇ ಕಾಪಾಡುತ್ತದೆ.

ಸ್ಟಾರ್ಟ್ ಆಗುತ್ತಿಲ್ಲವೇ? ಈ ಕ್ರಮದಲ್ಲಿ ನೋಡಿ

ತುಂಬಾ ಜನ ನೇರವಾಗಿ ಕಾರ್ಬೊರೇಟರ್ ಸ್ಕ್ರೂ ತಿರುಗಿಸಲು ಶುರು ಮಾಡುತ್ತಾರೆ. ಅದು ಕೊನೆಯ ಕೆಲಸ. ಮೊದಲು ಪೆಟ್ರೋಲ್, ಆಮೇಲೆ ಕಿಡಿ, ಆಮೇಲೆ ಗಾಳಿ ಮತ್ತು ಹೊಗೆ ದಾರಿ, ನಂತರ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ). ಇಷ್ಟು ಸರಿ ಇದ್ದರೆ ಮಾತ್ರ ಕಾರ್ಬೊರೇಟರ್.

ಟ್ಯಾಂಕಿನ ಪೆಟ್ರೋಲನ್ನು ಗಾಜಿನ ಬಾಟಲಿಗೆ ಬಗ್ಗಿಸಿ ಬೆಳಕಿಗೆ ಹಿಡಿಯಿರಿ. ಕೆಳಗಡೆ ಬೇರೆಯದೇ ಒಂದು ಪದರ ಕಂಡರೆ ನೀರು ಸೇರಿದೆ ಎಂದರ್ಥ. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ನೂರಕ್ಕೆ 20 ಭಾಗದವರೆಗೆ ಎಥನಾಲ್ ಸೇರಿದ ಪೆಟ್ರೋಲ್. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ನೀರು ಜಾಸ್ತಿಯಾದಾಗ ಎಥನಾಲ್ ಮತ್ತು ನೀರು ಒಟ್ಟಾಗಿ ತಳಕ್ಕೆ ಇಳಿಯುತ್ತವೆ. ನಾವು ಬೆರೆಸಿದ 2ಟಿ (ಟೂ ಸ್ಟ್ರೋಕ್) ಆಯಿಲ್ ಮೇಲಿನ ಪೆಟ್ರೋಲ್ ಜೊತೆಗೇ ಉಳಿಯುತ್ತದೆ. ಪೆಟ್ರೋಲ್ ಹೀರುವ ಪೈಪ್ ಇರುವುದು ತಳದಲ್ಲಿ. ಅಂದರೆ ಇಂಜಿನ್‌ಗೆ ಹೋಗುವುದು ಆಯಿಲ್ ಇಲ್ಲದ ನೀರು ಮಿಶ್ರಣ. ಮಲೆನಾಡಿನ ಮಳೆಗಾಲದಲ್ಲಿ ಇದು ಬೇಗ ಆಗುತ್ತದೆ. ಬೆರೆಸಿ ಒಂದು ತಿಂಗಳಾದ ಪೆಟ್ರೋಲನ್ನು ನಾನಂತೂ ಚೈನ್ ಸಾಗೆ ಹಾಕುವುದಿಲ್ಲ.

ಹೊಸದು ಬೆರೆಸುವಾಗ ಅಳತೆ ಮುಖ್ಯ. 50ಕ್ಕೆ 1 ಎಂದು ಪುಸ್ತಕದಲ್ಲಿದ್ದರೆ ಲೀಟರ್ ಪೆಟ್ರೋಲಿಗೆ 20 ಎಂಎಲ್ ಆಯಿಲ್. 25ಕ್ಕೆ 1 ಎಂದಿದ್ದರೆ 40 ಎಂಎಲ್. ಕಡಿಮೆ ಬೆಲೆಯ ಚೀನಾ ಮಿಷನ್‌ಗಳಿಗೆ ಸಾಮಾನ್ಯವಾಗಿ 25ಕ್ಕೆ 1 ಹೇಳಿರುತ್ತಾರೆ. ಮುಚ್ಚಳದ ಲೆಕ್ಕ, ಕಣ್ಣಂದಾಜು ಬೇಡ. ಬೇರೆ ಕ್ಯಾನಿನಲ್ಲಿ ಬೆರೆಸಿ ಕುಲುಕಿ, ಆಮೇಲೆ ಟ್ಯಾಂಕಿಗೆ ಸುರಿಯಿರಿ.

ತಂತಿಯನ್ನು ಕೊಕ್ಕೆಯಂತೆ ಬಗ್ಗಿಸಿ ಟ್ಯಾಂಕಿನೊಳಗಿಂದ ಪೆಟ್ರೋಲ್ ಪೈಪನ್ನು ಎಳೆದರೆ ತುದಿಯಲ್ಲಿ ಫಿಲ್ಟರ್ ಸಿಗುತ್ತದೆ. ಕಪ್ಪಾಗಿದ್ದರೆ ಬದಲಿಸಿ. ಪೈಪನ್ನು ಬೆರಳಲ್ಲಿ ಮಡಚಿ ನೋಡಿ. ಅಂಟಂಟಾಗಿ ಮೆತ್ತಗಾಗಿದ್ದರೂ ಹೊಸದು ಬೇಕು, ಒಣಗಿ ಸೀಳು ಬಿಟ್ಟಿದ್ದರೂ ಹೊಸದು ಬೇಕು. ಸಾಮಾನ್ಯವಾಗಿ ಸೀಳುವುದು ಟ್ಯಾಂಕಿನ ಗೋಡೆ ದಾಟುವ ಜಾಗದಲ್ಲಿ. ಇಲಿ ಕಚ್ಚಿದ ಪೈಪುಗಳೂ ಕಮ್ಮಿ ಏನಲ್ಲ.

ಈಗ ಪ್ಲಗ್ ಬಿಚ್ಚಿ. ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಉರಿಯುತ್ತಿಲ್ಲ. ಒಣಗಿದ್ದರೆ ಪೆಟ್ರೋಲೇ ಬರುತ್ತಿಲ್ಲ. ತುದಿ ಕಂದು ಬಣ್ಣ ಇದ್ದರೆ ಇಂಜಿನ್ ಆರೋಗ್ಯವಾಗಿದೆ. ಕಪ್ಪು ಮಸಿ, ಜಿಡ್ಡು ಇದ್ದರೆ ಆಯಿಲ್ ಜಾಸ್ತಿ ಅಥವಾ ಏರ್ ಫಿಲ್ಟರ್ ಕಟ್ಟಿದೆ. ಬಿಳಿಚಿಕೊಂಡಿದ್ದರೆ ಹುಷಾರು: ಇಂಜಿನ್‌ಗೆ ಪೆಟ್ರೋಲ್ ಸಾಲದೆ ವಿಪರೀತ ಬಿಸಿಯಾಗುತ್ತಿದೆ. ತುದಿಯ ಸಂದು 0.5 ಮಿಲಿಮೀಟರ್ ಇರಲಿ.

ಕಿಡಿ ನೋಡಲು ಪ್ಲಗ್‌ಗೆ ಮತ್ತೆ ಕ್ಯಾಪ್ ಹಾಕಿ, ಮರೆ (ಥ್ರೆಡ್) ಇರುವ ಭಾಗವನ್ನು ಸಿಲಿಂಡರ್‌ನ ಲೋಹಕ್ಕೆ ತಾಗಿಸಿ, ಸ್ವಿಚ್ ಆನ್ ಮಾಡಿ ಹಗ್ಗ ಎಳೆಯಿರಿ. ಪ್ಲಗ್ ಬಿಚ್ಚಿದ ತೂತಿನಿಂದ ದೂರ ಹಿಡಿಯಿರಿ, ಅಲ್ಲಿಂದ ಪೆಟ್ರೋಲ್ ಆವಿ ಬರುತ್ತದೆ. ನೆರಳಲ್ಲಿ ನೀಲಿ ಕಿಡಿ ಕಾಣಬೇಕು. ಬರದಿದ್ದರೆ ಹೊಸ ಪ್ಲಗ್ ಹಾಕಿ ನೋಡಿ. ಆಗಲೂ ಇಲ್ಲವೇ? ಪ್ಲಗ್‌ಗೆ ಕರೆಂಟ್ ಕೊಡುವ ಕಾಯಿಲ್‌ನಿಂದ ಸ್ವಿಚ್‌ಗೆ ಹೋಗುವ ಸಣ್ಣ ವೈರ್ ಕಳಚಿ ಮತ್ತೆ ಎಳೆಯಿರಿ. ಕಿಡಿ ಬಂದರೆ ಕಾಯಿಲ್ ಸರಿ ಇದೆ, ಸ್ವಿಚ್ ಅಥವಾ ಆ ವೈರ್ ಎಲ್ಲೋ ಇಂಜಿನ್‌ನ ಲೋಹಕ್ಕೆ ತಾಗುತ್ತಿದೆ. ಈ ಒಂದು ಪರೀಕ್ಷೆ ಮಾಡದೆ ಹೊಸ ಕಾಯಿಲ್ ಕೊಂಡವರು ಎಷ್ಟೋ ಜನ. ಕಾಯಿಲ್ ಬದಲಿಸಲೇಬೇಕಾದರೆ ಅದಕ್ಕೂ ಫ್ಲೈವೀಲ್‌ಗೂ ನಡುವೆ 0.2ರಿಂದ 0.3 ಮಿಲಿಮೀಟರ್ ಸಂದು ಬಿಡಿ. ಒಂದು ವಿಸಿಟಿಂಗ್ ಕಾರ್ಡ್ ನಡುವೆ ಇಟ್ಟು ಸ್ಕ್ರೂ ಬಿಗಿ ಮಾಡಿದರೆ ಸಾಕು.

ಚೋಕ್ ಹಾಕಿ ಎಳೆದೂ ಎಳೆದೂ ಪೆಟ್ರೋಲ್ ತುಂಬಿಕೊಂಡಿದ್ದರೆ ಪ್ಲಗ್ ಬಿಚ್ಚಿ, ಸ್ವಿಚ್ ಆಫ್ ಮಾಡಿ, ಚೋಕ್ ತೆಗೆದು, ತೂತು ಕೆಳಗೆ ಬರುವಂತೆ ತಿರುಗಿಸಿ ಹತ್ತಾರು ಸಲ ಹಗ್ಗ ಎಳೆಯಿರಿ. ಪ್ಲಗ್ ಒರೆಸಿ ಹಾಕಿ. ಈಗ ಚೋಕ್ ಇಲ್ಲದೆ ಸ್ಟಾರ್ಟ್ ಮಾಡಿ.

ಏರ್ ಫಿಲ್ಟರ್ ಸೋಪು ನೀರಲ್ಲಿ ತೊಳೆಯಬಹುದಾದದ್ದಾದರೆ ತೊಳೆದು ಪೂರ್ತಿ ಒಣಗಿಸಿ. ಸೈಲೆನ್ಸರ್‌ನ ಬಾಯಲ್ಲಿ ಸಣ್ಣ ಜಾಲರಿ ಇರುತ್ತದೆ. ಅದರಲ್ಲಿ ಕರಿ ಕಟ್ಟಿದರೆ ಮಿಷನ್ ಸ್ಟಾರ್ಟ್ ಆದರೂ ಶಕ್ತಿ ಇರುವುದಿಲ್ಲ. ತಂತಿ ಬ್ರಷ್‌ನಿಂದ ಉಜ್ಜಿ ಮತ್ತೆ ಹಾಕಿ. ಕಿತ್ತೆಸೆಯಬೇಡಿ. ಬೇಸಿಗೆಯ ಒಣ ತರಗೆಲೆ ಮೇಲೆ ಕಿಡಿ ಹಾರದಂತೆ ತಡೆಯುವುದೇ ಅದರ ಕೆಲಸ.

ಸ್ವಲ್ಪ ಹೊತ್ತು ಓಡಿ ತಾನಾಗಿ ನಿಲ್ಲುವ ಮಿಷನ್ ಇನ್ನೊಂದು ಥರ. ನಿಂತ ತಕ್ಷಣ ಟ್ಯಾಂಕ್ ಮುಚ್ಚಳ ನಿಧಾನ ಸಡಿಲಿಸಿ. ಗಾಳಿ ಒಳಗೆ ಎಳೆದುಕೊಂಡ ಶಬ್ದ ಬಂದು, ಆಮೇಲೆ ಮಿಷನ್ ಸ್ಟಾರ್ಟ್ ಆದರೆ ಟ್ಯಾಂಕಿನ ಗಾಳಿ ತೂತು ಕಟ್ಟಿದೆ.

ಕಂಪ್ರೆಷನ್‌ಗೆ ಸುಲಭ ಪರೀಕ್ಷೆ: ಪ್ಲಗ್ ಹಾಕಿ, ಸ್ವಿಚ್ ಆಫ್ ಮಾಡಿ, ಸ್ಟಾರ್ಟರ್ ಹಿಡಿ ಹಿಡಿದು ಮಿಷನ್ ಎತ್ತಿ. ತಡೆದು ತಡೆದು ಕೆಳಗಿಳಿದರೆ ಪರವಾಗಿಲ್ಲ. ಸರ್ರನೆ ಬಿದ್ದುಬಿಟ್ಟರೆ ಕಂಪ್ರೆಷನ್ ಇಲ್ಲ. ಆಗ ಸೈಲೆನ್ಸರ್ ಬಿಚ್ಚಿ ಟಾರ್ಚ್ ಹಾಕಿ ಪಿಸ್ಟನ್ ನೋಡಿ. ನುಣ್ಣಗೆ ಹೊಳೆಯುತ್ತಿರಬೇಕು. ಮೇಲಿನಿಂದ ಕೆಳಕ್ಕೆ ಗೀರು ಬಿದ್ದಿದ್ದರೆ ಅದು ಆಯಿಲ್ ಇಲ್ಲದೆ ಓಡಿದ ಗುರುತು. ಇಲ್ಲಿಂದ ಮುಂದೆ ಮೆಕ್ಯಾನಿಕ್ ಕೆಲಸ. ಸ್ಟೀಲ್ (Stihl), ಹಸ್ಕ್ವಾರ್ನಾದಂಥ ಕಂಪನಿಯ ಮಿಷನ್ ಆದರೆ ಸಿಲಿಂಡರ್ ಕಿಟ್ ಹಾಕಿಸುವುದು ಲಾಭವೇ. ಅಗ್ಗದ ಮಿಷನ್‌ಗೆ ಅಷ್ಟು ಖರ್ಚು ಮಾಡುವ ಮೊದಲು ಹೊಸದರ ಬೆಲೆ ಕೇಳಿ ನೋಡಿ.

ಕಾರ್ಬೊರೇಟರ್

ಮೇಲಿನದೆಲ್ಲ ಸರಿ ಇದ್ದೂ ಪ್ಲಗ್ ಒಣಗಿಯೇ ಇದ್ದರೆ ಕಾರ್ಬೊರೇಟರ್ ಬಿಚ್ಚುವ ಹೊತ್ತು. ಇದರಲ್ಲಿ ಬೈಕಿನದರಂತೆ ಫ್ಲೋಟ್ ಇಲ್ಲ. ಮಿಷನ್ ತಲೆಕೆಳಗಾದರೂ ಓಡಬೇಕಲ್ವಾ? ಹಾಗಾಗಿ ತೆಳು ರಬ್ಬರಿನ ಡಯಾಫ್ರಾಮ್ ಇರುತ್ತದೆ. ಒಂದು ಬದಿಯ ಮುಚ್ಚಳ ತೆಗೆದು ಅದನ್ನು ಬೆರಳಿನಿಂದ ಒತ್ತಿ. ಮೆತ್ತಗೆ ಬಳುಕಬೇಕು. ಒಣ ಎಲೆಯಂತೆ ಚರಚರ ಎಂದರೆ ಅದರ ಕಥೆ ಮುಗಿಯಿತು. ಡಯಾಫ್ರಾಮ್, ಗ್ಯಾಸ್ಕೆಟ್ ಎಲ್ಲ ಸೇರಿದ ಕಿಟ್ ಅಂಗಡಿಯಲ್ಲಿ ಸಿಗುತ್ತದೆ. ಕಾರ್ಬೊರೇಟರ್ ಮೇಲಿರುವ ನಂಬರ್ ತೋರಿಸಿ ತನ್ನಿ. ವಾಲ್ಬ್ರೋ, ಜಾಮಾ ಎಂದು ಹೆಸರಿರುತ್ತದೆ.

ಯಾವ ಬದಿಯಲ್ಲಿ ಗ್ಯಾಸ್ಕೆಟ್ ಮೊದಲು, ಯಾವ ಬದಿಯಲ್ಲಿ ಡಯಾಫ್ರಾಮ್ ಮೊದಲು ಎಂದು ಬಿಚ್ಚುವಾಗಲೇ ಫೋಟೋ ತೆಗೆದಿರಬೇಕು. ಎರಡು ಬದಿಗೂ ಕ್ರಮ ಒಂದೇ ಅಲ್ಲ. ತೂತುಗಳನ್ನು ಕಾರ್ಬ್ ಕ್ಲೀನರ್ ಸ್ಪ್ರೇಯಿಂದ ತೊಳೆಯಿರಿ. ತಂತಿ ಚುಚ್ಚಬೇಡಿ, ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯನ್ನು ಹತ್ತಿರದಿಂದ ಹೊಡೆಯಬೇಡಿ. ಒಳಗಿನ ಸಣ್ಣ ವಾಲ್ವ್ ಹಾಳಾದರೆ ಮತ್ತೆ ಸರಿಯಾಗುವುದಿಲ್ಲ.

ಇನ್ನು ಸ್ಕ್ರೂ. ಎಲ್ ಎಂದಿರುವುದು ನಿಧಾನದ ಓಟಕ್ಕೆ, ಎಚ್ ಜೋರು ಓಟಕ್ಕೆ, ಎಲ್‌ಎ ಅಥವಾ ಟಿ ಎಂದಿರುವುದು ಐಡಲ್‌ಗೆ, ಅಂದರೆ ಆಕ್ಸಿಲೇಟರ್ ಒತ್ತದೆ ಇಂಜಿನ್ ಓಡುವುದಕ್ಕೆ. ಎಲ್ ಮತ್ತು ಎಚ್ ಎರಡನ್ನೂ ಮೆಲ್ಲಗೆ ಒಳಗೆ ಮುಟ್ಟುವವರೆಗೆ ತಿರುಗಿಸಿ, ಅಲ್ಲಿಂದ ಒಂದು ಸುತ್ತು ಹೊರಗೆ ಬಿಡಿ. ತುಂಬಾ ಮಿಷನ್‌ಗಳಿಗೆ ಆರಂಭಕ್ಕೆ ಇದು ಸಾಕು, ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದೇ ಸರಿ. ಇಂಜಿನ್ ಬಿಸಿಯಾದ ಮೇಲೆ ಎಲ್ ತಿರುಗಿಸುತ್ತಾ ಆಕ್ಸಿಲೇಟರ್ ಒತ್ತಿದ ಕೂಡಲೇ ತಡವರಿಸದೆ ಏರುವ ಜಾಗಕ್ಕೆ ತನ್ನಿ. ಐಡಲ್‌ನಲ್ಲಿ ಚೈನ್ ತಿರುಗುತ್ತಿದ್ದರೆ ಎಲ್‌ಎ ಸ್ಕ್ರೂ ಹೊರಗೆ ಬಿಡಿ. ಐಡಲ್‌ನಲ್ಲಿ ಚೈನ್ ನಿಂತಿರಲೇಬೇಕು.

ಎಚ್ ವಿಷಯದಲ್ಲಿ ಆಸೆ ಬೇಡ. ಒಳಗೆ ತಿರುಗಿಸಿದಷ್ಟೂ ಶಬ್ದ ಕೀರಲಾಗಿ ಜೋರಾಗುತ್ತದೆ, ಕೇಳಲು ಖುಷಿ. ಆದರೆ ಪೆಟ್ರೋಲ್ ಜೊತೆ ಆಯಿಲ್ ಕೂಡ ಕಡಿಮೆಯಾಗಿ ಪಿಸ್ಟನ್ ಹಿಡಿಯುತ್ತದೆ. ಮರ ಮುಟ್ಟದೆ ಪೂರ್ತಿ ಒತ್ತಿದಾಗ ಶಬ್ದ ಸ್ವಲ್ಪ ಒಡಕಾಗಿ ಗುರುಗುರು ಎನ್ನಬೇಕು, ಮರಕ್ಕೆ ಇಟ್ಟಾಗ ಸ್ವಚ್ಛವಾಗಬೇಕು. ಕೆಲವು ಹೊಸ ಮಿಷನ್‌ಗಳಲ್ಲಿ ಇದೆಲ್ಲ ತಾನಾಗೇ ಹೊಂದಿಕೊಳ್ಳುತ್ತದೆ, ಎಲ್, ಎಚ್ ಸ್ಕ್ರೂಗಳೇ ಇರುವುದಿಲ್ಲ.

ಚೈನ್‌ಗೆ ಅರ ಹಾಕುವುದು

ಹರಿತವಾದ ಚೈನ್ ಚಕ್ಕೆ ಚಕ್ಕೆಯಾಗಿ ಮರ ಉಗುಳುತ್ತದೆ. ಹಿಟ್ಟಿನಂಥ ಪುಡಿ ಬರುತ್ತಿದ್ದರೆ, ನೀವು ಒತ್ತಿದರೆ ಮಾತ್ರ ಇಳಿಯುತ್ತಿದ್ದರೆ ಚೈನ್ ಮೊಂಡಾಗಿದೆ. ಇಂಜಿನ್‌ಗೆ ಶಕ್ತಿ ಇಲ್ಲ ಎಂದು ದೂರುವವರ ಅರ್ಧ ದೂರು ಇದೇ.

ಈಗಿನ ಚೈನ್‌ನ ಬಾಗಿದ ಹಲ್ಲಿನ ಹಿಂದೆ ಒಂದು ಹುಳ ಇದೆ. 1946ರಲ್ಲಿ ಅಮೆರಿಕದ ಒರೆಗಾನ್‌ನಲ್ಲಿ ಜೋಸೆಫ್ ಕಾಕ್ಸ್ ಎಂಬ ಮರ ಕೊಯ್ಯುವವ, ಮರ ಕೊರೆಯುವ ಜೀರುಂಡೆಯ ಮರಿಹುಳ ಎಡಕ್ಕೂ ಬಲಕ್ಕೂ ದವಡೆ ಆಡಿಸುತ್ತಾ ನಾರಿನ ಹಂಗಿಲ್ಲದೆ ತಿನ್ನುವುದನ್ನು ನೋಡಿ ಈ ಹಲ್ಲನ್ನು ರೂಪಿಸಿದ. ನಿಮ್ಮ ಚೈನ್‌ನಲ್ಲಿ ಒಂದು ಹಲ್ಲು ಎಡಕ್ಕೆ, ಮುಂದಿನದು ಬಲಕ್ಕೆ ಇರುವುದು ಅದಕ್ಕೇ. ಎರಡೂ ಕಡೆಯ ಹಲ್ಲು ಒಂದೇ ಉದ್ದ ಇರದಿದ್ದರೆ ಕೊಯ್ತ ಒಂದು ಬದಿಗೆ ವಾಲುತ್ತದೆ.

1. ಚೈನ್‌ನ ಪಿಚ್ (ಕೊಂಡಿಗಳ ನಡುವಿನ ಅಂತರದ ಅಳತೆ, ಇಂಚಿನಲ್ಲಿ) ನೋಡಿ ಅರ ಆರಿಸಿ. 3/8 ಲೋ ಪ್ರೊಫೈಲ್ ಚೈನ್‌ಗೆ 4 ಮಿಲಿಮೀಟರ್, ಪಾಯಿಂಟ್ 325ಕ್ಕೆ 4.8. ದೊಡ್ಡ 3/8 ಚೈನ್‌ಗೆ ಕಂಪನಿ ನೋಡಿಕೊಂಡು 5.2 ಅಥವಾ 5.5.
2. ಬಾರನ್ನು (ಚೈನ್ ಸುತ್ತುವ ಉದ್ದನೆಯ ಪಟ್ಟಿ) ವೈಸ್‌ಗೆ ಹಿಡಿಸಿ. ವೈಸ್ ಇಲ್ಲದಿದ್ದರೆ ಮರದ ಕೊರಡಿನಲ್ಲಿ ಒಂದು ಕಚ್ಚು ಕೊಯ್ದು ಅದರಲ್ಲಿ ನಿಲ್ಲಿಸಿ. ಚೈನ್ ಬ್ರೇಕ್ ಹಾಕಿ.
3. ಎಲ್ಲಕ್ಕಿಂತ ಸವೆದಿರುವ ಹಲ್ಲು ಹುಡುಕಿ ಗುರುತು ಹಾಕಿ. ಅದೇ ಅಳತೆ. ಉಳಿದವನ್ನು ಅದರ ಉದ್ದಕ್ಕೆ ತರಬೇಕು.
4. ಹಲ್ಲಿನ ಮೇಲ್ಭಾಗದ ಗೆರೆ ನೋಡಿಕೊಂಡು 30 ಡಿಗ್ರಿ ಓರೆಯಲ್ಲಿ, ಒಳಗಿನಿಂದ ಹೊರಕ್ಕೆ, ಒಂದೇ ದಿಕ್ಕಿಗೆ ಅರ ತಳ್ಳಿ. ಹಿಂದಕ್ಕೆ ಎಳೆಯುವಾಗ ಎತ್ತಿ. ಅರದ ಐದನೇ ಒಂದು ಭಾಗ ಹಲ್ಲಿನ ಮೇಲೆ ಕಾಣುತ್ತಿರಲಿ.
5. ಪ್ರತಿ ಹಲ್ಲಿಗೂ ಅಷ್ಟೇ ಸಲ ತಳ್ಳಿ. ಒಂದು ಬದಿ ಮುಗಿಸಿ, ಆಮೇಲೆ ಇನ್ನೊಂದು ಬದಿ.
6. ಹಲ್ಲಿನ ಮುಂದಿರುವ ಗೂಟದಂಥ ಭಾಗ ಹಲ್ಲಿಗಿಂತ ಸುಮಾರು 0.65 ಮಿಲಿಮೀಟರ್ ತಗ್ಗಿರಬೇಕು. ಇದಕ್ಕೆ ಗೇಜ್ ಸಿಗುತ್ತದೆ. ಎತ್ತರ ಇದ್ದರೆ ಚಪ್ಪಟೆ ಅರದಿಂದ ಇಳಿಸಿ.

ಆರನೆಯದನ್ನು ಜಾಸ್ತಿ ಮಾಡಬೇಡಿ. ಗೂಟ ತೀರಾ ತಗ್ಗಿದರೆ ಹಲ್ಲು ಮರವನ್ನು ಕಚ್ಚಿ ಹಿಡಿದು, ಬಾರ್ ನಿಮ್ಮ ಮುಖದ ಕಡೆಗೆ ಚಿಮ್ಮುತ್ತದೆ.

ಚೈನ್ ಬಿಗಿಯನ್ನು ತಣ್ಣಗಿರುವಾಗ ನೋಡಿ. ಬಾರ್ ಮೂತಿ ಎತ್ತಿ ಹಿಡಿದು ಬಿಗಿ ಮಾಡಬೇಕು. ಚೈನ್ ಬಾರಿನ ಕೆಳಗೆ ತಾಗಿಕೊಂಡಿರಬೇಕು, ಬ್ರೇಕ್ ಬಿಟ್ಟರೆ ಕೈಯಲ್ಲಿ ಸಲೀಸಾಗಿ ಎಳೆಯಲೂ ಬರಬೇಕು. ಬಿಸಿಯಾಗಿ ಹಿಗ್ಗಿದಾಗ ಬಿಗಿ ಮಾಡಿದ್ದರೆ ಕೆಲಸ ಮುಗಿದ ಮೇಲೆ ಸಡಿಲಿಸಿ ಇಡಿ. ಇಲ್ಲವಾದರೆ ತಣ್ಣಗಾಗಿ ಕುಗ್ಗಿ ಕ್ರ್ಯಾಂಕ್ ಮತ್ತು ಬೇರಿಂಗ್ ಮೇಲೆ ಜಗ್ಗುತ್ತದೆ.

ಅರ ಹಾಕಿದಾಗಲೆಲ್ಲ ಬಾರನ್ನು ಬಿಚ್ಚಿ ತಲೆಕೆಳಗು ಮಾಡಿ ಹಾಕಿ, ಎರಡು ಬದಿಯೂ ಸಮ ಸವೆಯುತ್ತದೆ. ಬಾರಿನ ಅಂಚಿನಲ್ಲಿ ಚೈನ್ ಓಡುವ ಕಾಲುವೆಯ ಹಾಗೂ ಆಯಿಲ್ ತೂತಿನ ಕೊಳೆ ಕೆರೆದು ತೆಗೆಯಿರಿ. ಚೈನ್ ಆಯಿಲ್ ಬರುತ್ತಿದೆಯೇ ಎಂದು ನೋಡಲು ಬಾರ್ ತುದಿಯನ್ನು ಒಣ ಕೊರಡಿನ ಮೇಲೆ ಹಿಡಿದು ಆಕ್ಸಿಲೇಟರ್ ಕೊಡಿ. ಎಣ್ಣೆ ಗೆರೆ ಬೀಳಬೇಕು. ಬೈಕಿನಿಂದ ಇಳಿಸಿದ ಕರಿ ಆಯಿಲ್ ಹಾಕುವ ಅಭ್ಯಾಸ ನಮ್ಮ ಕಡೆ ಇದೆ. ಅದರಲ್ಲಿ ಲೋಹದ ಪುಡಿ ಇರುತ್ತದೆ, ಪಂಪ್ ತಿನ್ನುತ್ತದೆ, ಮೇಲಾಗಿ ನಿಮ್ಮ ಮೈಮೇಲೆ ಸಿಡಿಯುತ್ತದೆ. ಬೇಡ.

ಚೈನ್ ತಿರುಗಿಸುವ ಹಲ್ಲುಚಕ್ರವನ್ನು ಎರಡು ಚೈನ್ ಸವೆದ ಮೇಲೆ ಬದಲಿಸಿ. ಅದಕ್ಕೆ ಕ್ಲಚ್ ಬಿಚ್ಚಬೇಕಾದರೆ ಒಂದು ಗುಟ್ಟು: ಅಲ್ಲಿ ಮರೆ ಉಲ್ಟಾ. ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ.

ಕೆಲಸ ಮುಗಿದ ಮೇಲೆ

ಇನ್ನೊಂದೆರಡು ತಿಂಗಳು ಬೇಡ ಎಂದರೆ ಟ್ಯಾಂಕ್ ಪೂರ್ತಿ ಬಗ್ಗಿಸಿ, ಸ್ಟಾರ್ಟ್ ಮಾಡಿ ತಾನಾಗಿ ನಿಲ್ಲುವವರೆಗೆ ಓಡಿಸಿ. ಕಾರ್ಬೊರೇಟರ್ ಖಾಲಿಯಾಗುತ್ತದೆ. ಪ್ಲಗ್ ಬಿಚ್ಚಿ ಕೆಲವು ಹನಿ 2ಟಿ ಆಯಿಲ್ ಬಿಟ್ಟು, ಹಗ್ಗ ಮೆಲ್ಲಗೆ ಎಳೆದು, ಪ್ಲಗ್ ಹಾಕಿ. ಚೈನ್ ಬಿಚ್ಚಿ ಎಣ್ಣೆ ಡಬ್ಬಿಯಲ್ಲಿಡಿ. ಒಲೆ ಮೇಲಿನ ಅಟ್ಟ ಬೆಚ್ಚಗಿರುತ್ತದೆ ಎಂದು ಕೆಲವರು ಅಲ್ಲಿಡುತ್ತಾರೆ. ಪೆಟ್ರೋಲ್ ವಾಸನೆ ಇರುವ ಯಾವ ವಸ್ತುವೂ ಅಲ್ಲಿ ಬೇಡ.

ಬಿಚ್ಚಿದ ಬಾರ್, ಚೈನ್ ಮನೆಯೊಳಗೆ ಹೋಗಲಿ, ಇಂಜಿನ್ ಗೋಡೌನ್‌ನಲ್ಲಿರಲಿ. ಎರಡು ಕಡೆ ಹುಡುಕಲು ಕಳ್ಳನಿಗೆ ಪುರುಸೊತ್ತು ಇರುವುದಿಲ್ಲ. ಬ್ಯಾಟರಿ ಮಿಷನ್‌ಗಳಿಗಂತೂ ಇದು ಇನ್ನೂ ಸುಲಭ: ಬ್ಯಾಟರಿ, ಚಾರ್ಜರ್ ಮನೆಯಲ್ಲಿದ್ದರೆ ಉಳಿದದ್ದು ಕದ್ದು ಏನು ಮಾಡುತ್ತಾನೆ?

ಗೋಡೌನ್‌ಗೆ ದೊಡ್ಡ ಬೀಗ ಹಾಕಿ ನೆಮ್ಮದಿಯಾಗಿ ಮಲಗುತ್ತೇವೆ. ಆದರೆ ಬಾಗಿಲಿನ ಚಿಲಕ ನಾಲ್ಕು ಮರದ ಸ್ಕ್ರೂ ಮೇಲೆ ನಿಂತಿರುತ್ತದೆ. ಅದನ್ನು ತೆಗೆದು, ಬಾಗಿಲಿನ ಆಚೆಯಿಂದ ಈಚೆಗೆ ಹಾಯುವ ಬೋಲ್ಟ್ ಹಾಕಿ ಒಳಗಡೆ ನಟ್ ಬಿಗಿ ಮಾಡಿ. ಹೆಂಚಿನ ಮಾಡಾದರೆ ಬಾಗಿಲಿನ ಗೊಡವೆಯೇ ಇಲ್ಲ, ನಾಲ್ಕು ಹೆಂಚು ಸರಿಸಿ ಇಳಿಯುತ್ತಾರೆ. ಹಾಗಾಗಿ ಒಳಗೂ ಒಂದು ಕಟ್ಟು ಬೇಕು. ನೆಲದ ಕಾಂಕ್ರೀಟಿಗೆ ಕಬ್ಬಿಣದ ಬಳೆ ಹೂತು, ಗಟ್ಟಿ ಉಕ್ಕಿನ ಸರಪಳಿಯನ್ನು ಮಿಷನ್‌ನ ಹಿಂದಿನ ಹಿಡಿಯೊಳಗಿಂದ ತೂರಿಸಿ ಬೀಗ ಹಾಕಿ. ಮುಂದಿನ ಹಿಡಿ ಬೇಡ, ಅದು ಬರೀ ಪೈಪು, ಕೆಲವು ಸ್ಕ್ರೂ ತೆಗೆದರೆ ಕೈಗೆ ಬರುತ್ತದೆ. ಬ್ರಷ್ ಕಟರ್, ಸ್ಪ್ರೇಯರ್‌ಗಳನ್ನೂ ಅದೇ ಸರಪಳಿಗೆ ಪೋಣಿಸಿ. ಹಾರೆ, ಗ್ರೈಂಡರ್, ಏಣಿ ಹೊರಗೆ ಬಿಡಬೇಡಿ. ನಿಮ್ಮ ಹಾರೆಯಿಂದಲೇ ನಿಮ್ಮ ಬೀಗ ಮೀಟುತ್ತಾರೆ.

ತೋಟದಲ್ಲಿ ಊಟದ ಹೊತ್ತಿಗೆ ಮಿಷನ್ ಬುಡದಲ್ಲಿ ಬಿಟ್ಟು ಬರಬೇಡಿ. ಪಿಕಪ್‌ನಲ್ಲಿ ಟೌನಿಗೆ ಹೋದಾಗ ಗೋಣಿ ಮುಚ್ಚಿದರೆ ಸಾಲದು, ಗಾಡಿಯ ಕಬ್ಬಿಣಕ್ಕೆ ಸೇರಿಸಿ ಬೀಗ ಹಾಕಿ. ಹೊಸ ಮಿಷನ್‌ನ ಫೋಟೋ ಸ್ಟೇಟಸ್ ಹಾಕುವ ಚಪಲ ತಡೆದುಕೊಳ್ಳಿ. ನೆಂಟರಿಗೆ, ಪಕ್ಕದ ತೋಟದವರಿಗೆ ಕೊಡುವುದು ಇದ್ದದ್ದೇ. ಒಂದು ನೋಟ್‌ಬುಕ್‌ನಲ್ಲಿ ಹೆಸರು, ತಾರೀಕು ಬರೆದಿಡಿ. ಕಳ್ಳತನ ಅಂದುಕೊಂಡದ್ದು ಎಷ್ಟೋ ಸಲ ಭಾವನ ಮನೆಯಲ್ಲಿ ಸಿಗುತ್ತದೆ.

ಬ್ಲೂಟೂತ್ ಟ್ಯಾಗ್ ಅಂಟಿಸುವ ಬಗ್ಗೆ ಜನ ಕೇಳುತ್ತಾರೆ. ಅದು ಹತ್ತಿರ ಹಾಯುವ ಬೇರೆಯವರ ಫೋನ್‌ಗಳನ್ನು ನಂಬಿರುತ್ತದೆ. ನೆಟ್‌ವರ್ಕ್ ಇಲ್ಲದ ತೋಟದ ಮೂಲೆಯಲ್ಲಿ ಪ್ರಯೋಜನ ಅಷ್ಟಕ್ಕಷ್ಟೆ, ಟೌನ್ ಸೇರಿದರೆ ಸುಳಿವು ಸಿಗಬಹುದು. ನನ್ನ ಲೆಕ್ಕದಲ್ಲಿ ಅದಕ್ಕಿಂತ ಮೊದಲು ಬೇಕಾದದ್ದು ಆಳು ಓಡಾಡಿದರೆ ಉರಿಯುವ ಸೋಲಾರ್ ಲೈಟು ಮತ್ತು ಬೊಗಳುವ ನಾಯಿ.

ಗುರುತು, ಬಿಲ್, ದೂರು

ಇಂದೇ ಮಾಡಬೇಕಾದ ಕೆಲಸ: ಮಿಷನ್‌ನ ಸೀರಿಯಲ್ ನಂಬರ್, ಪೂರ್ತಿ ಮಿಷನ್, ಬಿಲ್, ವಾರಂಟಿ ಕಾರ್ಡ್ ಎಲ್ಲದರ ಫೋಟೋ ತೆಗೆದು ನಿಮಗೇ ಕಳಿಸಿಕೊಳ್ಳಿ. ಸೀರಿಯಲ್ ನಂಬರ್ ಇಂಜಿನ್ ಬಾಡಿಯಲ್ಲಿ ಕೊರೆದಿರುತ್ತದೆ ಅಥವಾ ಸ್ಟಿಕರ್ ಮೇಲಿರುತ್ತದೆ. ಸ್ಟಿಕರ್ ಕೀಳುವುದು ಸುಲಭ. ಆದ್ದರಿಂದ ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್‌ನಿಂದ ನಿಮ್ಮದೇ ಗುರುತು ಹಾಕಿ. ಒಂದು ಎದ್ದು ಕಾಣುವಂತೆ, ಇನ್ನೊಂದು ಏರ್ ಫಿಲ್ಟರ್ ಮುಚ್ಚಳದ ಒಳಗೆ. ಹಿಡಿಗೆ ಒಂದು ಪಟ್ಟೆ ನೀಲಿ ಬಣ್ಣ ಹೊಡೆದರೆ ಚೆಂದ ಹೋಗುತ್ತದೆ, ಮಾರುವುದೂ ಕಷ್ಟವಾಗುತ್ತದೆ. ನಮಗೆ ಬೇಕಾದದ್ದು ಅದೇ.

ಕಳವಾದದ್ದು ಗೊತ್ತಾದ ಮೇಲೆ ಏನನ್ನೂ ಮುಟ್ಟದೆ ಮುರಿದ ಬೀಗ, ಸರಿದ ಹೆಂಚು ಫೋಟೋ ತೆಗೆಯಿರಿ. ಕಳ್ಳತನದ ವಿಮೆ ಇದ್ದರೆ ಒಡೆದು ನುಗ್ಗಿದ ಗುರುತು ಸಾಮಾನ್ಯವಾಗಿ ಕೇಳುತ್ತಾರೆ. ತುರ್ತಿಗೆ 112, ದೂರಿಗೆ ಠಾಣೆ. 2024ರ ಜುಲೈ 1ರಿಂದ ಹೊಸ ಕಾನೂನು ಬಂದಿದೆ. ಮಾಹಿತಿಯನ್ನು ಎಲೆಕ್ಟ್ರಾನಿಕ್ ರೂಪದಲ್ಲೂ ಕೊಡಬಹುದು, ಮೂರು ದಿನದೊಳಗೆ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತವಾಗಿ ಕೇಳಿ ಪಡೆಯಿರಿ.

ಇಲ್ಲಿ ಬಿಲ್ ಯಾಕೆ ಮುಖ್ಯ ಅಂದರೆ, ಐಪಿಸಿ ಬದಲಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನಲ್ಲಿ 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತು ಕದ್ದವನ ಅಪರಾಧ ಮೊದಲ ಸಲ ಸಾಬೀತಾಗಿ, ಅದನ್ನೋ ಅದರ ಬೆಲೆಯನ್ನೋ ವಾಪಸ್ ಕೊಟ್ಟರೆ ಶಿಕ್ಷೆ ಸಮುದಾಯ ಸೇವೆ ಮಾತ್ರ. ಅಂಥ ಪ್ರಕರಣದಲ್ಲಿ ಮ್ಯಾಜಿಸ್ಟ್ರೇಟ್ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡಲು ಬರುವುದಿಲ್ಲ. "ಹಳೇ ಮಿಷನ್ ಸಾರ್, ಎಷ್ಟೋ ಏನೋ" ಎಂದು ಹೇಳಿದರೆ ನಿಮ್ಮ ಕೇಸನ್ನು ನೀವೇ ಸಡಿಲ ಮಾಡಿದ ಹಾಗೆ. ಮನೆಯಿಂದ, ಸಾಮಾನು ಇಡುವ ಕಟ್ಟಡದಿಂದ, ಸರಕು ಸಾಗಿಸುವ ವಾಹನದಿಂದ ಕದ್ದರೆ 305ನೇ ಕಲಂ ಬರುತ್ತದೆ, ಅದಕ್ಕೆ ಏಳು ವರ್ಷದವರೆಗೆ ಶಿಕ್ಷೆ ಇದೆ. ಎಲ್ಲಿಂದ ಹೋಯಿತು ಎಂದು ದೂರಿನಲ್ಲಿ ಸ್ಪಷ್ಟವಾಗಿ ಬರೆಸಿ.

ಅದೇ ದಿನ ಸುತ್ತಲಿನ ಟೌನ್‌ಗಳ ರಿಪೇರಿ ಅಂಗಡಿ, ಡೀಲರ್, ಗುಜರಿಯವರಿಗೆ ಫೋಟೋ ಮತ್ತು ಸೀರಿಯಲ್ ನಂಬರ್ ಕಳಿಸಿ. ಕದ್ದ ಮಿಷನ್‌ಗೂ ಒಂದು ದಿನ ಚೈನ್ ಬೇಕಾಗುತ್ತದೆ, ಪ್ಲಗ್ ಬೇಕಾಗುತ್ತದೆ.

ನೀವೇ ಸೆಕೆಂಡ್ ಹ್ಯಾಂಡ್ ಕೊಳ್ಳುವಾಗಲೂ ಇದೇ ಕಣ್ಣಲ್ಲಿ ನೋಡಿ. ಸೀರಿಯಲ್ ನಂಬರ್ ಉಜ್ಜಿದ್ದರೆ, ಬೆಲೆ ತೀರಾ ಕಡಿಮೆ ಇದ್ದರೆ, ಬಿಲ್ ಕೇಳಿದಾಗ ಮಾತು ಬದಲಿಸಿದರೆ ಬಿಟ್ಟುಬಿಡಿ. ಕದ್ದ ಮಾಲು ಎಂದು ನಂಬಲು ಕಾರಣ ಇದ್ದೂ ಕೊಂಡರೆ 317ನೇ ಕಲಂ ಕೊಂಡವರ ಮೇಲೇ ಬೀಳುತ್ತದೆ. ಎಲ್ಲ ಸರಿ ಕಂಡರೂ ಮಾರುವವರ ಹೆಸರು, ತಾರೀಕು, ಸೀರಿಯಲ್ ನಂಬರ್, ಕೊಟ್ಟ ಹಣ ಬರೆದು ಸಹಿ ಹಾಕಿಸಿಕೊಂಡು, ದುಡ್ಡನ್ನು ಯುಪಿಐ ಮೂಲಕ ಕೊಡಿ.